ಕ್ರಾಂತಿ ಬರುತ್ತದೆ ಎನ್ನುವವರಿಗೆ ಅಂಕ ಕೊಡುವುದು ಹೇಗೆ?

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮ ಮನೆ ಜಗುಲಿಯಲ್ಲಿ ಜನ ಜಾಸ್ತಿ. ಶಿರಸಿಯಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತಿಯಾದವಳು ನಾನು. ಸಿದ್ದಾಪುರ, ಯಲ್ಲಾಪುರ ಕಡೆಯ ಹಳೇ ವಿದ್ಯಾರ್ಥಿಗಳು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಮೊದಲೆಲ್ಲ "ಇಂಜಿನಿಯರಿಂಗೋ, ಬಿಎಸ್ಸಿಯೋ" ಎಂದು ಕೇಳುತ್ತಿದ್ದರು. ಈಗಿನ ಪ್ರಶ್ನೆ ಬೇರೆ. "ಮೇಡಂ, ಇನ್ನೈದು ವರ್ಷಕ್ಕೆ ಎಐ ಬಂದು ಎಲ್ಲಾ ಕೆಲಸ ಹೋಗ್ತದಂತಲ್ಲ, ಇವಳಿಗೆ ಎಂತ ಓದಿಸೋದು?" ಯಾರು ಹೇಳಿದರು ಎಂದರೆ ಮೊಬೈಲ್ ಮುಂದೆ ಹಿಡಿಯುತ್ತಾರೆ. ಅದರಲ್ಲಿ ಕೋಟು ಹಾಕಿಕೊಂಡ ಒಬ್ಬರು ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತ ಮಾತಾಡುತ್ತಿರುತ್ತಾರೆ. ಕೆಳಗೆ "ಫ್ಯೂಚರಿಸ್ಟ್" ಎಂದು ಬರೆದಿರುತ್ತದೆ.

ಮುಂದೆ ಏನಾಗುತ್ತದೆ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಉತ್ತರ ಪತ್ರಿಕೆ ತಿದ್ದುವುದು ಗೊತ್ತು. ಮೌಲ್ಯಮಾಪನ ಕ್ಯಾಂಪಿನಲ್ಲಿ ಕಲಿತ ಅದೇ ಬುದ್ಧಿಯನ್ನು ಈ ಭವಿಷ್ಯ ಹೇಳುವವರ ಮೇಲೂ ಬಳಸಬಹುದು. ಅವರು ಬುದ್ಧಿವಂತರೋ ಮೋಸಗಾರರೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಅವರ ಮಾತನ್ನು ಅಂಕ ಕೊಡಬಹುದಾದ ರೂಪಕ್ಕೆ ತನ್ನಿ. ಅಷ್ಟು ಮಾಡಿದರೆ ಅರ್ಧಕ್ಕರ್ಧ ಮಾತು ತಾನಾಗಿ ಉದುರಿ ಹೋಗುತ್ತದೆ.

ಮೊದಲು ಬರೆದಿಟ್ಟುಕೊಳ್ಳಿ

ಒಂದು ನೋಟ್‌ಬುಕ್ ಸಾಕು. ಯಾರು ಹೇಳಿದರು, ಏನು ಹೇಳಿದರು, ಯಾವ ವರ್ಷದೊಳಗೆ, ಆಯಿತೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ. ಇಷ್ಟನ್ನು ಬರೆಯಿರಿ. ಹೇಳಿದವರ ಮಾತಿನಲ್ಲೇ ಬರೆಯಬೇಕು, ನೀವು ಚಂದ ಮಾಡಬಾರದು.

ಬರೆಯಲು ಕೂತಾಗಲೇ ಮಜಾ ಶುರು. "ಮುಂಬರುವ ದಿನಗಳಲ್ಲಿ ಕೃಷಿಯ ಚಿತ್ರಣವೇ ಬದಲಾಗಲಿದೆ." ಯಾವ ದಿನ? ಯಾವ ಕೃಷಿ? ಬದಲಾಯಿತು ಎನ್ನಲು ಏನನ್ನು ನೋಡಬೇಕು? ವರ್ಷದ ಕಾಲಮ್ಮು ಖಾಲಿ, ಗೊತ್ತಾಗುವುದು ಹೇಗೆ ಎಂಬ ಕಾಲಮ್ಮೂ ಖಾಲಿ. ಇಂಥದಕ್ಕೆ ನಾನು ಸೊನ್ನೆಯನ್ನೂ ಕೊಡುವುದಿಲ್ಲ. ಪ್ರಶ್ನೆಗೆ ಉತ್ತರವನ್ನೇ ಬರೆಯದ ಪತ್ರಿಕೆ ಅದು.

ಸರಿಯಾದ ಮಾತು ಹೇಗಿರುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಅಮೆರಿಕದ ರೇ ಕರ್ಜ್‌ವೈಲ್ ಎಂಬವರು ಇವರೆಲ್ಲರಿಗೆ ದೊಡ್ಡಣ್ಣ ಇದ್ದ ಹಾಗೆ. 2029ರೊಳಗೆ ಕಂಪ್ಯೂಟರ್ ಟ್ಯೂರಿಂಗ್ ಪರೀಕ್ಷೆ (ಮಾತಾಡುತ್ತಿರುವುದು ಯಂತ್ರ ಎಂದು ಗೊತ್ತಾಗದಂತೆ ಮಾತಾಡುವ ಪರೀಕ್ಷೆ) ಪಾಸಾಗುತ್ತದೆ ಎಂದು ಅವರು 2002ರಲ್ಲಿ ಮಿಚ್ ಕೇಪರ್ ಎಂಬ ಸಾಫ್ಟ್‌ವೇರ್ ಉದ್ಯಮಿಯ ಜೊತೆ ಬಾಜಿ ಕಟ್ಟಿದರು. ಒಟ್ಟು 20,000 ಡಾಲರ್, ಗೆದ್ದವರು ಹೇಳಿದ ದತ್ತಿ ಸಂಸ್ಥೆಗೆ. ಮೂವರು ತೀರ್ಪುಗಾರರು ಇರಬೇಕು, ಅವರು ಯಂತ್ರವನ್ನೂ ಅದರ ಜೊತೆಗಿನ ಮನುಷ್ಯರನ್ನೂ ಒಬ್ಬೊಬ್ಬರಾಗಿ ಎರಡೆರಡು ಗಂಟೆ ಮಾತಾಡಿಸಿ ಯಾರು ಮನುಷ್ಯ, ಯಾವುದು ಯಂತ್ರ ಎಂದು ಹೇಳಬೇಕು. ನಿಯಮಗಳನ್ನೆಲ್ಲ ಮೊದಲೇ ಬರೆದಿಟ್ಟಿದ್ದಾರೆ. ಕರ್ಜ್‌ವೈಲ್ ಅವರ ಬೇರೆ ಮಾತುಗಳ ಬಗ್ಗೆ ನನಗೆ ತಕರಾರು ಇರಬಹುದು, ಆದರೆ ಈ ಒಂದು ಸಾಲಿಗೆ ನಾನು ನಮಸ್ಕಾರ ಹಾಕುತ್ತೇನೆ. ಸೋಲಲಿಕ್ಕೆ ತಯಾರಿರುವ ಮಾತು ಅದು.

ತನ್ನ ಪತ್ರಿಕೆಗೆ ತಾನೇ ಅಂಕ

"ಇವರು ಹೇಳಿದ್ದರಲ್ಲಿ 86 ಪರ್ಸೆಂಟ್ ನಿಜವಾಗಿದೆ ಮೇಡಂ" ಎಂದು ಒಬ್ಬ ಹುಡುಗ ನನಗೆ ಹೇಳಿದ. ಕರ್ಜ್‌ವೈಲ್ ಬಗ್ಗೆಯೇ. ಈ ಅಂಕಿಯನ್ನು ನೀವೂ ಎಲ್ಲಾದರೂ ಕೇಳಿರುತ್ತೀರಿ.

ಅಂಕಿ ಬಂದಿದ್ದು ಹೀಗೆ. 2009ರ ಹೊತ್ತಿಗೆ ಏನೇನಾಗುತ್ತದೆ ಎಂದು ಅವರು 1999ರ ತಮ್ಮ ಪುಸ್ತಕದಲ್ಲಿ ಬರೆದಿದ್ದರು. 2010ರಲ್ಲಿ ಅವೇ 147 ಮಾತುಗಳನ್ನು ಎಣಿಸಿ, ಅಂಕ ಕೊಟ್ಟು, 86 ಪರ್ಸೆಂಟ್ ಎಂದು ಪ್ರಕಟಿಸಿದರು. ಅಂಕ ಕೊಟ್ಟಿದ್ದು ಯಾರು? ಅವರೇ. ಒಂದೆರಡು ವರ್ಷ ತಡವಾಗಿ ಬಂದದ್ದನ್ನೂ "ಹೆಚ್ಚುಕಮ್ಮಿ ಸರಿ" ಎಂದು ಪಾಸು ಮಾಡಿಕೊಂಡರು. ಜನ ಬರೆಯುವುದರಲ್ಲಿ ಬಹುಪಾಲು 2009ರ ಹೊತ್ತಿಗೆ ಮಾತಾಡಿಯೇ ಟೈಪ್ ಆಗುತ್ತದೆ ಎಂಬುದೂ ಆ ಪುಸ್ತಕದಲ್ಲಿತ್ತು. 2009ರಲ್ಲಿ ನಿಮ್ಮ ಆಫೀಸಿನಲ್ಲಿ ಯಾರು ಕಂಪ್ಯೂಟರಿಗೆ ಬಾಯಿಮಾತಿನಲ್ಲಿ ಪತ್ರ ಬರೆಸುತ್ತಿದ್ದರು, ನೆನಪು ಮಾಡಿಕೊಳ್ಳಿ. ಬೇರೆಯವರು ಕೂತು ಅದೇ ಪಟ್ಟಿಗೆ ಅಂಕ ಹಾಕಿದಾಗ ಅಷ್ಟು ಬರಲಿಲ್ಲ.

ಕ್ಯಾಂಪಿನಲ್ಲಿ ನಮಗೆ ಬರುವ ಪತ್ರಿಕೆಯಲ್ಲಿ ಹೆಸರಿರುವುದಿಲ್ಲ, ಕೋಡ್ ಮಾತ್ರ. ನಮ್ಮ ಕಾಲೇಜಿನ ಮಕ್ಕಳದ್ದು ನಮ್ಮ ಕೈಗೆ ಬರಬಾರದು ಎಂದೇ ಆ ವ್ಯವಸ್ಥೆ. ನಾವೆಲ್ಲ ಕಳ್ಳರು ಅಂತಲ್ಲ. ಪ್ರೀತಿ ಇದ್ದಲ್ಲಿ ಪೆನ್ನು ತಾನಾಗಿ ಅರ್ಧ ಅಂಕ ಜಾಸ್ತಿ ಹಾಕುತ್ತದೆ. ತನ್ನದೇ ಪತ್ರಿಕೆ ಆದರೆ ಕೇಳಬೇಕಾ?

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಕರ್ಜ್‌ವೈಲ್ ಸುಮ್ನೆ ಮಾತಾಡುವವರಲ್ಲ. ಅಂಧರಿಗಾಗಿ ಪುಸ್ತಕ ಓದಿ ಹೇಳುವ ಯಂತ್ರವನ್ನು 1976ರಲ್ಲೇ ಮಾಡಿ ತೋರಿಸಿದವರು. ತಾರೀಖು ಹಾಕಿ ಹೇಳುತ್ತಾರೆ, ಲೆಕ್ಕ ಬಹಿರಂಗ ಮಾಡುತ್ತಾರೆ. ಉಳಿದವರು ಅಷ್ಟೂ ಮಾಡುವುದಿಲ್ಲ. ಹಾಗಾಗಿ ಯಾರಾದರೂ "ನಾನು ಹತ್ತು ವರ್ಷದ ಹಿಂದೆಯೇ ಹೇಳಿದ್ದೆ" ಎಂದರೆ ಎರಡು ಕೇಳಿ. ಆಗ ಹೇಳಿದ ಒಟ್ಟು ಮಾತು ಎಷ್ಟು? ಅಂಕ ಹಾಕಿದ್ದು ಯಾರು?

ಯಂತ್ರ ಬೇರೆ, ಕೆಲಸ ಬೇರೆ

ಈ ಭಾಗವನ್ನು ನಿಧಾನಕ್ಕೆ ಓದಿ. ನನ್ನ ಪ್ರಕಾರ ಹೆಚ್ಚಿನವರು ಎಡವುವುದು ಇಲ್ಲೇ.

ನಮ್ಮ ಕಡೆಯ ದೊಡ್ಡ ತಲೆನೋವು ಅಡಿಕೆ ಕೊನೆ (ಗೊನೆ) ಇಳಿಸುವುದು. ಮರ ಹತ್ತಿ ಅದನ್ನು ಕೊಯ್ಯುವ ಕೊನೆಗೌಡರು ಸಿಗುವುದಿಲ್ಲ. ಸಿಕ್ಕವರಿಗೂ ವಯಸ್ಸಾಗಿದೆ, ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಾಗಾಗಿ ಮರ ಹತ್ತುವ ರೋಬೋಟ್ ಇನ್ನೇನು ಬಂತು ಎಂಬ ಸುದ್ದಿ ಆಗಾಗ ಹುಟ್ಟುತ್ತಲೇ ಇತ್ತು. 2019ರಲ್ಲಿ ಬಂಟ್ವಾಳ ಕಡೆಯ ಕೃಷಿಕರೊಬ್ಬರು ಮರ ಹತ್ತುವ ಬೈಕನ್ನೇ ಮಾಡಿದರು. ಮನುಷ್ಯ ಅದರ ಮೇಲೆ ಕೂತು ಸರ್ರನೆ ಮೇಲೆ ಹೋಗುವ ವಿಡಿಯೋ ಊರೂರು ಸುತ್ತಿತು. ಒಳ್ಳೆಯ ಯಂತ್ರ. ಯಾರೋ ಫ್ಯೂಚರಿಸ್ಟ್ ಹೇಳಿದ್ದಲ್ಲ, ತೋಟದವರೇ ಮಾಡಿದ್ದು.

ಆದರೆ ಕೊನೆಗೌಡ ಮಾಡುವ ಕೆಲಸ ಮರ ಹತ್ತುವುದಷ್ಟೇ ಅಲ್ಲ. ಒಂದು ಮರ ಹತ್ತಿದವ ಕೆಳಗೆ ಇಳಿಯುವುದೇ ಇಲ್ಲ. ಮರವನ್ನು ಬಾಗಿಸಿ ಪಕ್ಕದ್ದನ್ನು ಹಿಡಿದು ಅಲ್ಲಿಂದಲೇ ದಾಟುತ್ತಾನೆ. ಯಾವ ಕೊನೆ ಬಲಿತಿದೆ, ಯಾವುದು ಇನ್ನೊಂದು ವಾರ ಇರಲಿ ಎಂದು ಮೇಲೆಯೇ ನೋಡುತ್ತಾನೆ. ಹಗ್ಗದಲ್ಲಿ ಕೊನೆ ಜಾರಿಸುತ್ತಾನೆ. ಯಂತ್ರವಾದರೆ ಪ್ರತಿ ಮರಕ್ಕೂ ಹತ್ತಬೇಕು, ಇಳಿಯಬೇಕು, ಬಿಚ್ಚಬೇಕು, ಕಾಲುವೆ ದಾಟಿಸಿ ಮುಂದಿನ ಮರಕ್ಕೆ ಕಟ್ಟಬೇಕು. ಮಳೆಗಾಲದಲ್ಲಿ ಮರಕ್ಕೆ ಪಾಚಿ ಬೇರೆ. ವಿಡಿಯೋದಲ್ಲಿ ಒಂದೇ ಮರ ಇರುತ್ತದೆ, ತೋಟದಲ್ಲಿ ಸಾಲು ಸಾಲು ಇರುತ್ತವೆ.

ಕಡೆಗೆ ನಮ್ಮ ತೋಟಗಳಿಗೆ ನಿಜವಾಗಿ ನುಗ್ಗಿದ್ದು ಏನು? ದೋಟಿ! ಕಾರ್ಬನ್ ಫೈಬರ್ ದೋಟಿ. ನೆಲದ ಮೇಲೆ ನಿಂತು ಉದ್ದ ಕೋಲಿನಿಂದ ಕೊನೆ ಕೊಯ್ಯುವುದು, ಅದೇ ಕೋಲಿಗೆ ಪೈಪ್ ಕಟ್ಟಿ ಮದ್ದು ಹೊಡೆಯುವುದು. ಮರ ಹತ್ತುವ ಪ್ರಶ್ನೆಯೇ ಇಲ್ಲ. ಯಾವ ವೇದಿಕೆಯಲ್ಲೂ ಯಾರೂ "ಭವಿಷ್ಯ ಕೋಲಿನದು" ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಹಗುರ, ಗಟ್ಟಿ, ಬೇರೆಲ್ಲೋ ವಿಮಾನಕ್ಕೆಂದು ಬೆಳೆದ ವಸ್ತು ಇಲ್ಲಿ ಬಂದು ಅಜ್ಜನ ಕಾಲದ ಬಿದಿರು ದೋಟಿಯ ಜಾಗ ಹಿಡಿಯಿತು. (ಫಿಸಿಕ್ಸ್ ಮೇಡಂ ಆದ್ದರಿಂದ ಹೇಳಲೇಬೇಕು: ಕಾರ್ಬನ್ ಫೈಬರ್ ಮೂಲಕ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ ಆ ಸಾಲಿನ ಹತ್ತಿರ ದೋಟಿ ಎತ್ತಲೇಬೇಡಿ.)

ಡ್ರೋನ್ ವಿಷಯವೂ ಹಾಗೇ. ಡ್ರೋನ್ ಮೇಲಿಂದ ಮದ್ದು ಹೊಡೆಯುತ್ತದೆ. ಕೊನೆ ಇರುವುದು ಸೋಗೆಯ ಕೆಳಗೆ. ಕೊಳೆರೋಗಕ್ಕೆ ಹೊಡೆಯುವ ಮದ್ದು, ಬೋರ್ಡೋ ದ್ರಾವಣ, ಕಾಯಿಗೇ ತಾಗಬೇಕು. ಗದ್ದೆಗೆ ಡ್ರೋನ್ ಚೆನ್ನಾಗಿ ಆಗುತ್ತದೆ ಎಂದ ಮಾತ್ರಕ್ಕೆ ಅಡಿಕೆ ತೋಟಕ್ಕೂ ಆಗಬೇಕೆಂದಿಲ್ಲ.

ಇದೇ ತಪ್ಪನ್ನು ದೊಡ್ಡವರೂ ಮಾಡುತ್ತಾರೆ. ಎಐ ಲೋಕದ ಹಿರಿಯ, 2024ರಲ್ಲಿ ಫಿಸಿಕ್ಸ್ ನೊಬೆಲ್ ಪಡೆದ ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು: ಇನ್ನು ರೇಡಿಯಾಲಜಿಸ್ಟ್‌ಗಳನ್ನು (ಸ್ಕ್ಯಾನ್ ನೋಡಿ ಹೇಳುವ ವೈದ್ಯರನ್ನು) ತಯಾರು ಮಾಡುವುದನ್ನೇ ನಿಲ್ಲಿಸಿ, ಐದು ವರ್ಷದಲ್ಲಿ ಯಂತ್ರ ಅವರಿಗಿಂತ ಚೆನ್ನಾಗಿ ನೋಡುತ್ತದೆ. ಐದು ವರ್ಷ ಕಳೆಯಿತು. ಸ್ಕ್ಯಾನ್ ನೋಡುವ ಸಾಫ್ಟ್‌ವೇರ್ ನಿಜವಾಗಿಯೂ ಬಂತು, ಚೆನ್ನಾಗಿಯೂ ಇದೆ. ಆದರೆ ರೇಡಿಯಾಲಜಿಸ್ಟ್‌ಗಳು ಎಲ್ಲೂ ಹೋಗಲಿಲ್ಲ. ತಮ್ಮ ಮಾತು ತೀರಾ ವಿಶಾಲವಾಗಿತ್ತು ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಚಿತ್ರ ನೋಡುವುದು ಆ ವೈದ್ಯರ ಕೆಲಸದ ಒಂದು ತುಂಡು ಮಾತ್ರ. ನಮ್ಮ ಜಿಲ್ಲೆಯಲ್ಲಂತೂ ತೊಂದರೆ ಬೇರೆಯೇ. ತಲೆಗೆ ಪೆಟ್ಟಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಸ್ಕ್ಯಾನ್ ಓದುವ ಯಂತ್ರ ಎಷ್ಟೇ ಜಾಣವಾದರೂ ಆ ದಾರಿ ಗಿಡ್ಡವಾಗುವುದಿಲ್ಲ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಒಂದೇ ಮಾತನ್ನು ಎರಡಾಗಿ ಸೀಳಿ ಬರೆಯಿರಿ. ಯಂತ್ರ ಬರುತ್ತದೆಯಾ? ಬಂದರೆ ಈ ಕೆಲಸ ಪೂರ್ತಿ ಹೋಗುತ್ತದೆಯಾ? ಎರಡಕ್ಕೂ ಬೇರೆ ಬೇರೆ ಅಂಕ. ವಿಜ್ಞಾನ ಕಥೆಗಾರ ಆರ್ಥರ್ ಕ್ಲಾರ್ಕ್ 1945ರಲ್ಲಿ ಬರೆದ ಲೇಖನಕ್ಕೂ ನಾನು ಹೀಗೇ ಅಂಕ ಹಾಕುತ್ತೇನೆ. ಭೂಮಿಯ ಜೊತೆಗೇ ಸುತ್ತುವ ಉಪಗ್ರಹದಿಂದ ಸಂಪರ್ಕ ಮಾಡಬಹುದು ಎಂದರು. ಪೂರ್ತಿ ಅಂಕ, ಅಂಥ ಉಪಗ್ರಹಗಳನ್ನು ಇಸ್ರೋ ಇವತ್ತು ಹಾಸನದಿಂದ ನಿಯಂತ್ರಿಸುತ್ತದೆ. ಆದರೆ ಅವರ ಕಲ್ಪನೆಯಲ್ಲಿ ಅವು ಮನುಷ್ಯರು ಇದ್ದು ನೋಡಿಕೊಳ್ಳುವ ನಿಲ್ದಾಣಗಳು. ಅಲ್ಲಿಗೆ ಸೊನ್ನೆ.

ನಮ್ಮ ಜಿಲ್ಲೆಯ ಗಡಿಯಾರ

ಹೊಸದು ಎಷ್ಟು ಬೇಗ ಬರುತ್ತದೆ ಎಂದು ಅಂದಾಜು ಮಾಡಬೇಕಾ? ಹಳೆಯದು ಎಷ್ಟು ವರ್ಷ ತೆಗೆದುಕೊಂಡಿತು ನೋಡಿ. ಕೊಂಕಣ ರೈಲ್ವೆ ನಿಗಮ ಆಗಿದ್ದು 1990ರಲ್ಲಿ, ಐದು ವರ್ಷದೊಳಗೆ ಮುಗಿಸುವ ಲೆಕ್ಕ. ಪೂರ್ತಿ ದಾರಿಯಲ್ಲಿ ರೈಲು ಓಡಿದ್ದು 1998ರ ಜನವರಿಯಲ್ಲಿ. ಕಾರವಾರದ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು, ಅದರ ಕದಂಬ ನೌಕಾನೆಲೆ ಕಾರ್ಯಾರಂಭ 2005ರಲ್ಲಿ. ಹುಬ್ಬಳ್ಳಿ-ಅಂಕೋಲಾ ರೈಲು ಮಂಜೂರಾಗಿದ್ದು 1997-98ರಲ್ಲಿ, ಅದರ ಕಥೆ ನಿಮಗೇ ಗೊತ್ತು. ಇವೆಲ್ಲ ಗೊತ್ತಿರುವ ತಂತ್ರಜ್ಞಾನ. ಹಳಿ, ಸುರಂಗ, ಕಾಂಕ್ರೀಟು. ತಡವಾಗಿದ್ದು ವಿಜ್ಞಾನ ಸೋತು ಅಲ್ಲ. ಕಾಡು, ಜಮೀನು, ಕೋರ್ಟು, ದುಡ್ಡು.

ನಮ್ಮ ಜಿಲ್ಲೆಯದೇ ಅಣು ವಿದ್ಯುತ್ ಸ್ಥಾವರ ಕೈಗಾ ಇನ್ನೂ ಒಳ್ಳೆಯ ಪಾಠ. 1954ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ಮುಂದೆ ಕರೆಂಟು ಮೀಟರ್ ಹಾಕಿ ಅಳೆಯಲೂ ಬೇಡದಷ್ಟು ಅಗ್ಗ ಆಗುತ್ತದೆ ಎಂದರು. 1955ರಲ್ಲಿ ಜಿನೀವಾದಲ್ಲಿ ನಮ್ಮ ಹೋಮಿ ಭಾಭಾ, ಎರಡು ದಶಕದಲ್ಲಿ ಫ್ಯೂಷನ್ (ಪರಮಾಣು ಬೀಜಗಳನ್ನು ಬೆಸೆಯುವ) ಶಕ್ತಿಯನ್ನು ಹಿಡಿತಕ್ಕೆ ತರುವ ದಾರಿ ಸಿಗುತ್ತದೆ ಎಂದರು. ಆಮೇಲೆ 2000ದ ಹೊತ್ತಿಗೆ ದೇಶದಲ್ಲಿ 10,000 ಮೆಗಾವ್ಯಾಟ್ ಅಣು ವಿದ್ಯುತ್ ಎಂಬ ಗುರಿ ಬಂತು. ಆ ವರ್ಷ ಮೂರು ಸಾವಿರವೂ ಮುಟ್ಟಿರಲಿಲ್ಲ. ಕೈಗಾದಲ್ಲೇ 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಗಿನ ಕಾಂಕ್ರೀಟ್ ಕಳಚಿ ಬಿದ್ದಿತ್ತು.

ಹಾಗಂತ ಅಣುಶಕ್ತಿ ಸುಳ್ಳಾಯಿತಾ? 2018ರ ಕೊನೆಗೆ ಕೈಗಾದ ಒಂದನೇ ಘಟಕ ನಿಲ್ಲದೆ 962 ದಿನ ಓಡಿ ವಿಶ್ವ ದಾಖಲೆ ಮಾಡಿತು. ತಂತ್ರಜ್ಞಾನ ಬಂತು, ಗಟ್ಟಿಯಾಗಿಯೇ ನಿಂತಿತು. ಬಾರದೇ ಇದ್ದದ್ದು "ಕ್ರಾಂತಿ" ಎಂಬ ತುಂಡು. ಮೀಟರ್ ಓದುವವರು ಈಗಲೂ ತಿಂಗಳು ತಿಂಗಳು ಬರುತ್ತಾರೆ.

ಕ್ರಿಯಾಪದ ನೋಡಿ, ಜೇಬು ನೋಡಿ

2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಏರ್‌ಪೋರ್ಟಿನಿಂದ ನಗರಕ್ಕೆ ಹತ್ತೇ ನಿಮಿಷದ ಹೈಪರ್‌ಲೂಪ್ (ಗಾಳಿ ತೆಗೆದ ಕೊಳವೆಯೊಳಗೆ ಓಡುವ ಗಾಡಿ) ಎಂದು ಸುದ್ದಿ ಬಂತು. ಒಳಗೆ ಓದಿದರೆ ಇದ್ದದ್ದು ಏನು? ಒಂದು ಹೈಪರ್‌ಲೂಪ್ ಕಂಪನಿ ಜೊತೆ ಸಾಧ್ಯತೆ ಅಧ್ಯಯನಕ್ಕೆ ಒಪ್ಪಂದ. ಆ ಕಂಪನಿ 2023ರ ಕೊನೆಗೆ ಮುಚ್ಚಿತು. ಸುದ್ದಿಯಲ್ಲಿ "ಓಡುತ್ತಿದೆ", "ಕಟ್ಟುತ್ತಿದ್ದಾರೆ", "ಒಪ್ಪಂದ ಆಗಿದೆ", "ಚಿಂತನೆ ನಡೆದಿದೆ" ಇವುಗಳಲ್ಲಿ ಯಾವುದಿದೆ ಎಂದು ಮೊದಲು ಗೆರೆ ಹಾಕಿ.

ಆಮೇಲೆ, ನೀವು ನಂಬಿದರೆ ಯಾರಿಗೆ ಲಾಭ ಎಂದು ನೋಡಿ. 2019ರಲ್ಲಿ ಎಲಾನ್ ಮಸ್ಕ್ ಮುಂದಿನ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ರೋಬೋ ಟ್ಯಾಕ್ಸಿ ರಸ್ತೆಯಲ್ಲಿರುತ್ತವೆ ಎಂದರು. 2020 ಬಂತು, ಹೋಯಿತು. ಆ ಮಾತು ಕೇಳಿದವರಲ್ಲಿ ಅವರ ಕಂಪನಿಯ ಶೇರುದಾರರೇ ಮುಂದಿನ ಸಾಲಿನಲ್ಲಿದ್ದರು. ನಮ್ಮ ಮಟ್ಟದಲ್ಲಿ ಇದು "ಎಐ ನಿಮ್ಮ ಮಗನ ಕೆಲಸ ತಿನ್ನುತ್ತದೆ" ಎಂದು ಹೆದರಿಸಿ ಕೊನೆಯಲ್ಲಿ ಕೋರ್ಸಿನ ಫೀಸು ಹೇಳುವ ವಿಡಿಯೋ. ಲಾಭ ಇದ್ದರೆ ಮಾತು ಸುಳ್ಳು ಎಂದಲ್ಲ. ಆದರೆ ಆ ಪತ್ರಿಕೆಯನ್ನು ಎರಡು ಸಲ ತಿದ್ದಬೇಕು.

ಪ್ರಸಿದ್ಧಿ ಕಂಡು ಮರುಳಾಗಬೇಡಿ. ಫಿಲಿಪ್ ಟೆಟ್ಲಾಕ್ ಎಂಬ ಮನಶ್ಶಾಸ್ತ್ರಜ್ಞರು 284 ತಜ್ಞರ ಭವಿಷ್ಯವಾಣಿಗಳನ್ನು ಸುಮಾರು ಎರಡು ದಶಕ ಬರೆದಿಟ್ಟುಕೊಂಡು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಹೆಸರು ಮಾಡಿದವರ ಊಹೆಗಳೇ ಹೆಚ್ಚು ಕೆಟ್ಟಿದ್ದವು. ಅವರು ನೋಡಿದ್ದು ರಾಜಕೀಯ, ಆರ್ಥಿಕ ವಿಷಯ. ಆದರೆ ಟಿವಿಯಲ್ಲಿ "ಹೀಗೂ ಆಗಬಹುದು, ಹಾಗೂ ಆಗಬಹುದು" ಎನ್ನುವವರನ್ನು ಯಾರು ಕರೆಯುತ್ತಾರೆ ಹೇಳಿ.

"ಏನೂ ಬರೋದಿಲ್ಲ" ಎನ್ನುವವರಿಗೂ ಅಂಕ ಹಾಕಿ

ಇಷ್ಟು ಓದಿ "ಹಾಗಾದರೆ ಎಲ್ಲಾ ಬೊಗಳೆ" ಎಂದು ಎದ್ದು ಹೋಗುವವರು ನಮ್ಮಲ್ಲಿ ಜಾಸ್ತಿ. ಅದೂ ಭವಿಷ್ಯವೇ, ತಾರೀಖಿಲ್ಲದ ಭವಿಷ್ಯ. ಪರಮಾಣುವಿನ ಒಳಗನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ರುದರ್‌ಫೋರ್ಡ್ 1933ರ ಸೆಪ್ಟೆಂಬರಿನಲ್ಲಿ, ಪರಮಾಣು ಒಡೆದು ಶಕ್ತಿ ಪಡೆಯುವುದು ಹಗಲುಗನಸು ಎಂಬರ್ಥದಲ್ಲಿ ಮಾತಾಡಿದರು. ಅದೇ ತಿಂಗಳು ಲಂಡನ್ನಿನಲ್ಲಿ ಲಿಯೋ ಸಿಲಾರ್ಡ್ ಎಂಬ ವಿಜ್ಞಾನಿಯ ತಲೆಗೆ ಸರಪಳಿ ಕ್ರಿಯೆಯ (ಒಂದು ಪರಮಾಣು ಒಡೆದರೆ ಅದರಿಂದ ಮತ್ತಷ್ಟು ಒಡೆಯುತ್ತ ಹೋಗುವ) ಯೋಚನೆ ಬಂತು. 1942ರಲ್ಲಿ ಷಿಕಾಗೋದಲ್ಲಿ ರಿಯಾಕ್ಟರ್ ನಡೆಯಿತು. ಇನ್ನೊಂದು ತುದಿಯಲ್ಲಿ ಎಐ ಕೆಲಸ ಶುರು ಮಾಡಿದವರಲ್ಲಿ ಒಬ್ಬರಾದ ಹರ್ಬರ್ಟ್ ಸೈಮನ್. ಹತ್ತು ವರ್ಷದಲ್ಲಿ ಕಂಪ್ಯೂಟರ್ ಚೆಸ್ ಚಾಂಪಿಯನ್ ಆಗುತ್ತದೆ ಎಂದು 1957ರಲ್ಲಿ ಹೇಳಿ ನಗೆಪಾಟಲಾದರು. ವಿಶ್ವ ಚಾಂಪಿಯನ್ ಕಾಸ್ಪರೋವ್ ಕಂಪ್ಯೂಟರಿಗೆ ಸೋತಿದ್ದು 1997ರಲ್ಲಿ. ಮೂವತ್ತು ವರ್ಷ ತಡ, ಆದರೆ ಸೋತಿದ್ದು ಹೌದು.

ಕುಮಟಾ ಪೇಟೆಯಲ್ಲಿ ಮೀನು ಮಾರುವವರ ಬುಟ್ಟಿ ಪಕ್ಕ ಕ್ಯೂಆರ್ ಕೋಡ್ ಇರುತ್ತದೆ ಎಂದು ಯುಪಿಐ ಶುರುವಾದ 2016ರಲ್ಲಿ ಹೇಳಿದ್ದರೆ ನಾವು ನಗುತ್ತಿದ್ದೆವು, ಅಲ್ವಾ? ಅಲ್ಲಿ ಕಾಡು, ಜಮೀನು, ಕೋರ್ಟು ಯಾವುದೂ ಅಡ್ಡ ಇರಲಿಲ್ಲ. ಕೈಯಲ್ಲಿ ಮೊಬೈಲ್ ಆಗಲೇ ಇತ್ತು. ಬೇಗ ಬರುವುದಕ್ಕೂ ತಡವಾಗುವುದಕ್ಕೂ ವ್ಯತ್ಯಾಸ ಹೆಚ್ಚಾಗಿ ಇಂಥದರಲ್ಲೇ ಇರುತ್ತದೆ.

ಹಾಗಾದರೆ ಈಗ ಏನು ಮಾಡುವುದು?

ಅಂಕ ಹಾಕುವುದು ನಿಧಾನದ ಕೆಲಸ. ಶಿರಸಿಯವರಿಗೆ ಒಂದು ಅನುಕೂಲ ಇದೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಮುಗಿದ ವಾರ ನೋಟ್‌ಬುಕ್ ತೆಗೆದು ತಿದ್ದಿ. ಆದರೆ ಕಾಲೇಜಿನ ಅರ್ಜಿಗೆ ಕೊನೆಯ ದಿನ ಜಾತ್ರೆಗೆ ಕಾಯುವುದಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಬೇರೆ: ಈ ಮಾತು ನಂಬಿ ನಡೆದು, ಅದು ಸುಳ್ಳಾದರೆ ನನಗೆ ಎಷ್ಟು ಲುಕ್ಸಾನು? ಹಿಂದೆ ಬರಲು ದಾರಿ ಇದೆಯಾ?

ಎಐ ಬಳಸಲು ಮಗಳು ರಜೆಯಲ್ಲಿ ಕಲಿಯುತ್ತಾಳಾ, ಕಲಿಯಲಿ. ಸುಳ್ಳಾದರೂ ಹೋಗುವುದು ಒಂದು ರಜೆ. ಸಾಲ ಮಾಡಿ, ಒಂದೇ ಸಾಫ್ಟ್‌ವೇರಿನ ಹೆಸರಿನ ಮೇಲೆ ನಿಂತ ಎರಡು ವರ್ಷದ ಕೋರ್ಸಿಗೆ ಹಾಕುತ್ತೀರಾ, ತಡೆಯಿರಿ. ಗಣಿತ, ಸ್ಟ್ಯಾಟಿಸ್ಟಿಕ್ಸ್, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸ್ಪಷ್ಟವಾಗಿ ಬರೆಯುವುದು, ಇವು ಯಾರ ಭವಿಷ್ಯ ನಿಜವಾದರೂ ಉಪಯೋಗಕ್ಕೆ ಬರುತ್ತವೆ. ನಾನು ಹೇಳುವುದು ಇಷ್ಟೇ. ಕೆಲವರಿಗೆ ಸಪ್ಪೆ ಅನ್ನಿಸುತ್ತದೆ.

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2003-04ರ ವೆನಿಲ್ಲಾ ನೆನಪಿದೆಯಲ್ಲ. ಅಡಿಕೆ ಸಾಲಿನ ನಡುವೆ ಬಳ್ಳಿ ಹಬ್ಬಿಸಿದವರು ದರ ಬಿದ್ದಾಗ ಬಳ್ಳಿ ಕಿತ್ತು ಹಾಕಿದರು, ಅಡಿಕೆ ಉಳಿಯಿತು. ವೆನಿಲ್ಲಾಕ್ಕೆಂದೇ ಸಾಲ ತಂದು ನೆರಳು ಬಲೆ ಹಾಕಿದವರ ಕಥೆ ಬೇರೆಯಾಯಿತು. ಇಬ್ಬರೂ ನಂಬಿದ್ದು ಒಂದೇ ಭವಿಷ್ಯವನ್ನು.

ಇನ್ನು ಸೊಸೈಟಿ ಹಾಲಿನಲ್ಲಿ ಯಾರಾದರೂ ಪ್ರೊಜೆಕ್ಟರ್ ಹಾಕಿ ಹೊಸ ಯಂತ್ರದ ಬಗ್ಗೆ ಹೇಳಲು ಬಂದರೆ ಹಿಂದಿನ ಸಾಲಿನಲ್ಲಿ ಕೂತು ಗೊಣಗಬೇಡಿ. ಎದ್ದು ನಿಂತು ಕೇಳಿ. ಒಂದು ದಿನಕ್ಕೆ ಎಷ್ಟು ಮರ? ಎಷ್ಟು ಜನ ಬೇಕು? ಕೆಟ್ಟರೆ ರಿಪೇರಿ ಶಿರಸಿಯಲ್ಲೇ ಆಗುತ್ತದಾ, ಕೊಯಮತ್ತೂರಿಗೆ ಕಳಿಸಬೇಕಾ? ಹೋದ ವರ್ಷ ಕೊಂಡವರ ಫೋನ್ ನಂಬರ್ ಕೊಡುತ್ತೀರಾ? ಕೊನೆಯದಾಗಿ, ಆಷಾಢದ ಮಳೆಯಲ್ಲಿ ನಮ್ಮದೇ ತೋಟಕ್ಕೆ ಬಂದು ನಡೆಸಿ ತೋರಿಸುತ್ತೀರಾ? "ಮುಂದಿನ ಮಾಡೆಲ್‌ನಲ್ಲಿ ಎಲ್ಲಾ ಸರಿಯಾಗುತ್ತದೆ" ಎಂದರೆ ಚಾ ಕುಡಿದು ಮನೆಗೆ ಬನ್ನಿ. "ಬರುತ್ತೇನೆ, ತಾರೀಖು ಹೇಳಿ" ಎಂದರೆ ಅವರ ಹೆಸರನ್ನೂ ಆ ತಾರೀಖನ್ನೂ ಅಲ್ಲೇ ಬರೆದುಕೊಳ್ಳಿ, ಪಕ್ಕದ ತೋಟದವರನ್ನೂ ಆ ದಿನ ಕರೆಯಿರಿ.